ಟ್ಯಾಂಕಿನ ಮೈಮೇಲೆ ಸ್ಫೋಟಕದ ಪೆಟ್ಟಿಗೆ ಯಾಕೆ?

ಪ್ರಶ್ನೆ: ಗಣರಾಜ್ಯೋತ್ಸವದ ಪರೇಡಿನಲ್ಲಿ ಟಿ-90 ಭೀಷ್ಮ ಟ್ಯಾಂಕ್ ನೋಡಿದೆ. ಎದುರಿಗೆ ಇಟ್ಟಿಗೆ ಜೋಡಿಸಿದ ಹಾಗೆ ಪೆಟ್ಟಿಗೆಗಳಿದ್ದವು. ಅವುಗಳಲ್ಲಿ ಸ್ಫೋಟಕ ಉಂಟಂತೆ. ತನ್ನ ಮೈಗೆ ತಾನೇ ಬಾಂಬ್ ಕಟ್ಟಿಕೊಂಡರೆ ರಕ್ಷಣೆ ಹೇಗೆ?
– ಪಿಯುಸಿ ವಿದ್ಯಾರ್ಥಿ, ಉಡುಪಿ

ಉತ್ತರ: ಹೌದು, ಉಂಟು. ಎರಡು ಉಕ್ಕಿನ ಹಲಗೆಗಳ ನಡುವೆ ಒಂದು ಪದರ ಸ್ಫೋಟಕ. ಇದಕ್ಕೆ ರಿಯಾಕ್ಟಿವ್ ಆರ್ಮರ್ ಎನ್ನುತ್ತಾರೆ. ಭೀಷ್ಮದ ಮೇಲಿರುವುದು ರಷ್ಯಾದ ಕಾಂಟಾಕ್ಟ್-5. ಸ್ಫೋಟವು ಕ್ಷಿಪಣಿಯನ್ನು ಹಿಂದಕ್ಕೆ ತಳ್ಳುತ್ತದೆ ಎಂದು ಬಹಳ ಮಂದಿ ಹೇಳುತ್ತಾರೆ. ಅದು ಸರಿಯಲ್ಲ.

ಮೊದಲು ಎದುರಿನಿಂದ ಬರುವುದೇನು ಎಂದು ನೋಡಬೇಕು. ಟ್ಯಾಂಕ್ ನಿರೋಧಕ ಕ್ಷಿಪಣಿಯ ಒಳಗೆ ತಾಮ್ರದ ಆಲಿಕೆಯಂಥ ಭಾಗವಿದ್ದು, ಅದರ ಹಿಂದೆ ಸ್ಫೋಟಕ ತುಂಬಿರುತ್ತಾರೆ. ಸಿಡಿದಾಗ ಆಲಿಕೆ ಒಳಕ್ಕೆ ಮಡಚಿ, ಸಪೂರ ತಾಮ್ರದ ಎಳೆಯಾಗಿ ಚಿಮ್ಮುತ್ತದೆ. ತುದಿಯ ವೇಗ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್. ಅದೇ ವೇಗದಲ್ಲಿ ಹೋದರೆ ಮಂಗಳೂರಿನಿಂದ ಉಡುಪಿಗೆ ಏಳೆಂಟು ಸೆಕೆಂಡು ಸಾಕು. ಅದು ಉಕ್ಕನ್ನು ಕರಗಿಸುವುದಿಲ್ಲ. ಆ ಒತ್ತಡದ ಮುಂದೆ ಉಕ್ಕು ಕೆಸರಿನ ಹಾಗೆ ಬದಿಗೆ ಸರಿದು ದಾರಿ ಬಿಡುತ್ತದೆ.

ಇದನ್ನು ಅಕ್ಕನ ಮಗನಿಗೆ ನಮ್ಮ ಅಂಗಳದಲ್ಲೇ ತೋರಿಸಿದ್ದೆ. ದೊಡ್ಡ ತಟ್ಟೆಯಲ್ಲಿ ಒದ್ದೆ ಹೊಯ್ಗೆ ತುಂಬಿ, ತೋಟದ ಪೈಪಿನ ಬಾಯಿ ಬೆರಳಲ್ಲಿ ಒತ್ತಿ ಒಂದೇ ಕಡೆ ನೀರು ಬಿಟ್ಟೆ. ಕ್ಷಣದಲ್ಲಿ ತಟ್ಟೆಯ ತಳ ಕಂಡಿತು. ಮತ್ತೆ ಹೊಯ್ಗೆ ಸರಿಮಾಡಿ, ನೀರು ಬೀಳುತ್ತಿರುವಾಗಲೇ ತಟ್ಟೆಯನ್ನು ಬದಿಗೆ ಎಳೆ ಎಂದೆ. ಈ ಸಲ ಹೊಂಡ ಬೀಳಲಿಲ್ಲ, ಉದ್ದಕ್ಕೊಂದು ಗೀರು ಬಿತ್ತು ಅಷ್ಟೇ. ಅದೇ ನೀರು, ಅದೇ ಹೊಯ್ಗೆ!

ಪೆಟ್ಟಿಗೆ ಮಾಡುವುದೂ ಇದನ್ನೇ. ಎಳೆ ತಗಲಿದೊಡನೆ ಸ್ಫೋಟಕ ಸಿಡಿದು ಎರಡೂ ಹಲಗೆಗಳು ವಿರುದ್ಧ ದಿಕ್ಕಿಗೆ ಹಾರುತ್ತವೆ. ಪೆಟ್ಟಿಗೆ ಓರೆಯಾಗಿರುವುದರಿಂದ ಹಲಗೆ ಎಳೆಗೆ ಅಡ್ಡಲಾಗಿ ಜಾರುತ್ತದೆ. ಎಳೆಗೆ ಪ್ರತಿ ಕ್ಷಣವೂ ಹೊಸ ಉಕ್ಕು ಎದುರಾಗಿ, ಅದು ತುಂಡುತುಂಡಾಗಿ ಚದುರುತ್ತದೆ. ನೇರವಾಗಿ ಬಂದು ಬಡಿದರೆ ಇಷ್ಟು ಪ್ರಯೋಜನವಿಲ್ಲ. ಹಾಗಾಗಿ ನಿಜವಾದ ಕಾವಲುಗಾರ ಜಾರುವ ಉಕ್ಕು. ಸ್ಫೋಟಕ ಅದನ್ನು ಓಡಿಸುತ್ತದೆ, ಅಷ್ಟೆ.

1967ರ ಯುದ್ಧದ ನಂತರ ಇಸ್ರೇಲಿನಲ್ಲಿ ಕೆಟ್ಟುಹೋದ ಟ್ಯಾಂಕುಗಳ ಮೇಲೆ ಪರೀಕ್ಷೆ ಮಾಡುತ್ತಿದ್ದ ಜರ್ಮನಿಯ ಮಾನ್‌ಫ್ರೆಡ್ ಹೆಲ್ಡ್ ಅವರಿಗೆ ಈ ಉಪಾಯ ಹೊಳೆಯಿತು. ಒಳಗೆ ಉಳಿದಿದ್ದ ಮದ್ದುಗುಂಡು ಸಿಡಿದಾಗ ತಾಮ್ರದ ಎಳೆ ಕದಡಿದ್ದನ್ನು ಅವರು ಗಮನಿಸಿದ್ದರು. ಯುದ್ಧದಲ್ಲಿ ಇದು ಬಳಕೆಗೆ ಬಂದದ್ದು 1982ರಲ್ಲಿ, ಲೆಬನಾನಿನಲ್ಲಿ, ಇಸ್ರೇಲಿನ ಟ್ಯಾಂಕುಗಳ ಮೇಲೆ.

ಟ್ಯಾಂಕಿನ ಫಿರಂಗಿಯಿಂದ ಹಾರುವ ಉದ್ದನೆಯ ಟಂಗ್‌ಸ್ಟನ್ ಸಲಾಕೆಯ ಕಥೆ ಬೇರೆ. ಅದರ ವೇಗ ಸೆಕೆಂಡಿಗೆ 1,700 ಮೀಟರಿನ ಆಸುಪಾಸು, ಆದರೆ ಬಲು ಗಟ್ಟಿ. ಹಗುರ ಹಲಗೆಗಳಿಗೆ ಅದು ಸೊಪ್ಪು ಹಾಕುವುದಿಲ್ಲ. ಅದಕ್ಕೇ ಕಾಂಟಾಕ್ಟ್-5ರ ಹಲಗೆ ದಪ್ಪ. ಅದು ಸಲಾಕೆಯನ್ನು ಬಾಗಿಸುವ, ಮುರಿಯುವ ಕೆಲಸ ಮಾಡುತ್ತದೆ.

ಬಂದೂಕಿನ ಗುಂಡು ತಗಲಿದರೆ ಪೆಟ್ಟಿಗೆ ಸಿಡಿಯುವುದಿಲ್ಲ, ಅಂಥದೇ ಮಂದ ಸ್ಫೋಟಕ ಆರಿಸಿರುತ್ತಾರೆ. ಆದರೆ ಒಮ್ಮೆ ಸಿಡಿದ ಪೆಟ್ಟಿಗೆಯ ಜಾಗ ಖಾಲಿ. ಇದನ್ನು ತಿಳಿದೇ ಜೋಡಿ ಸಿಡಿತಲೆಯ ಕ್ಷಿಪಣಿಗಳು ಬಂದಿವೆ: ಮುಂದಿನ ಚಿಕ್ಕದು ಪೆಟ್ಟಿಗೆಯನ್ನು ಸಿಡಿಸುತ್ತದೆ, ಹಿಂದಿನ ದೊಡ್ಡದು ಆ ಖಾಲಿ ಜಾಗದಲ್ಲೇ ನುಗ್ಗುತ್ತದೆ. ಇನ್ನು, ಹಾರುವ ಹಲಗೆಗೆ ನಮ್ಮವರು ಪರರು ಎಂಬ ಭೇದವಿಲ್ಲ. ಇಂಥ ಟ್ಯಾಂಕಿನ ಜೊತೆ ಹೋಗುವ ಕಾಲಾಳುಗಳು ಅದರ ಮೈಗೆ ಅಂಟಿಕೊಂಡು ನಡೆಯುವ ಹಾಗಿಲ್ಲ.