ಎಆರ್ ಪದರ: ಸ್ಮಾರಕ ಹೇಳದೆ ಬಿಟ್ಟದ್ದು

ಮೊಬೈಲ್ ಕ್ಯಾಮೆರಾದಲ್ಲಿ ಕಾಣುವ ಎದುರಿನ ದೃಶ್ಯದ ಮೇಲೆಯೇ ಚಿತ್ರ, ಅಕ್ಷರ, ಧ್ವನಿ ಕೂಡಿಸುವ ತಂತ್ರ ಆಗ್ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎಆರ್. ಹಾಗೆ ಕೂಡಿಸಿದ್ದೇ ಎಆರ್ ಪದರ. ವಿವಾದಿತ ಸ್ಮಾರಕದ ಕಲ್ಲನ್ನೂ ಕಂಚನ್ನೂ ಮುಟ್ಟದೆ, ಮೂಲನಿವಾಸಿಗಳ ಮಾತನ್ನು ಅದರ ಎದುರಿಗೇ ಕೇಳಿಸಲು ಇದು ಒದಗುತ್ತದೆ.

ಸಿಡ್ನಿಯ ಹೈಡ್ ಪಾರ್ಕ್‌ನಲ್ಲಿ 1879ರಿಂದ ನಿಂತಿರುವ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಪ್ರತಿಮೆಯನ್ನೇ ತೆಗೆದುಕೊಳ್ಳಿ. 1770ರಲ್ಲಿ ಈ ನಾಡನ್ನು ಅವನು ಕಂಡುಹಿಡಿದನೆಂದು ಪೀಠ ಹೇಳುತ್ತದೆ. ಪ್ರತಿಮೆ ನಿಂತಿರುವುದು ಮೂಲನಿವಾಸಿಗಳಾದ ಗಾಡಿಗಲ್ ಜನರ ನೆಲದಲ್ಲಿ. ಆ ವರ್ಷದ ಏಪ್ರಿಲ್ 29ರಂದು ಬಾಟನಿ ಕೊಲ್ಲಿಯಲ್ಲಿ ಇನ್ನೊಂದು ಮೂಲನಿವಾಸಿ ಸಮುದಾಯವಾದ ಗ್ವೀಗಲ್ ಜನರ ಇಬ್ಬರು ಅವನನ್ನು ತಡೆದು ನಿಂತರು, ಅವನು ಕೋವಿ ಹಾರಿಸಿದ. ಇದು ಅವನ ದಿನಚರಿಯಲ್ಲೇ ಇದೆ, ಪೀಠದಲ್ಲಿಲ್ಲ. ಕುಕ್‌ನ ತಂಡ ಅಲ್ಲಿಂದ ಒಯ್ದ ಸುಮಾರು 40 ಈಟಿಗಳಲ್ಲಿ ಉಳಿದ ನಾಲ್ಕನ್ನು ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು 2024ರಲ್ಲಷ್ಟೇ ಸಮುದಾಯಕ್ಕೆ ಮರಳಿಸಿತು.

ಅಂಥದೊಂದು ಈಟಿಯನ್ನು ಪೀಠದ ಪಕ್ಕ ನಿಜವಾದ ಅಳತೆಯಲ್ಲಿ ತೋರಿಸಬೇಕೆಂದರೆ ಮೊದಲ ಕೆಲಸ ಅನುಮತಿ. ಗ್ವೀಗಲ್ ಜನರ ಕಥೆಯನ್ನು ಗಾಡಿಗಲ್ ಹಿರಿಯರ ಒಪ್ಪಿಗೆಯೊಂದರಿಂದಲೇ ಹೇಳಲಾಗದು, ಇಬ್ಬರನ್ನೂ ಕೇಳಬೇಕು. ತೀರಿಕೊಂಡವರ ಚಿತ್ರ, ಧ್ವನಿ, ಹೆಸರು ಬಳಸುವುದು ಆಸ್ಟ್ರೇಲಿಯಾದ ಅನೇಕ ಮೂಲನಿವಾಸಿ ಸಮುದಾಯಗಳಲ್ಲಿ ಸೂಕ್ಷ್ಮ ವಿಷಯ. ಹಾಗಾಗಿ ಧ್ವನಿಮುದ್ರಣವನ್ನು ಆ್ಯಪ್‌ನೊಳಗೆ ತುಂಬದೆ ಸರ್ವರ್‌ನಲ್ಲಿಡಿ. ಕುಟುಂಬದವರು ಬೇಡವೆಂದ ದಿನವೇ ತೆಗೆಯಬಹುದು. ಈ ಹಕ್ಕು ಒಪ್ಪಂದದಲ್ಲಿ ಬರಹದಲ್ಲಿರಲಿ.

ಆಮೇಲೆ ಈಟಿಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು. ಬರೀ ಜಿಪಿಎಸ್ ನಂಬಿದರೆ ಬಯಲಿನಲ್ಲೇ ಸುಮಾರು 5 ಮೀಟರ್ ಆಚೀಚೆ, ಮರಗಳ ಕೆಳಗೆ ಇನ್ನೂ ಹೆಚ್ಚು. ಈಟಿ ಹುಲ್ಲುಹಾಸಿನ ಮೇಲೆ ತೇಲುತ್ತದೆ. ಅದಕ್ಕೇ ಸ್ಮಾರಕವನ್ನು ಸುತ್ತಿ, ಒಂದು ಫೋಟೊ ಮುಂದಿನದರ ಮೇಲೆ ಶೇ 70ರಷ್ಟು ಹಾಯುವಂತೆ ತೆಗೆದು ಮೂರು ಆಯಾಮದ ನಕ್ಷೆ ಮಾಡಬೇಕು. ಗುರುತಿಗೆ ಪೀಠದ ಕಲ್ಲನ್ನೂ ಕೊರೆದ ಅಕ್ಷರಗಳನ್ನೂ ಹಿಡಿಯಿರಿ. ಬಿಸಿಲು ಸರಿದಂತೆ ಕಂಚಿನ ಹೊಳಪೂ ಸರಿಯುವುದರಿಂದ ಕ್ಯಾಮೆರಾ ಮೋಸಹೋಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತಿನ ಫೋಟೊ ಬೇಕು. ಯಾವುದು ಯಾವುದರ ಹಿಂದೆ ಮರೆಯಾಗಬೇಕೆಂಬ ಲೆಕ್ಕ ಬಿಟ್ಟರೆ ಪೀಠದ ಹಿಂದಿರಬೇಕಾದ ಈಟಿ ಮುಂದೆ ಬಂದು, ಇಡೀ ದೃಶ್ಯ ಸುಳ್ಳೆನಿಸುತ್ತದೆ.

ಕ್ಯೂಆರ್ ಕೋಡ್‌ನಿಂದ ಬ್ರೌಸರ್‌ನಲ್ಲೇ ತೆರೆದರೆ ಹೆಚ್ಚು ಜನ ನೋಡುತ್ತಾರೆ. ಆದರೆ ಐಫೋನ್‌ಗೆ ಯುಎಸ್‌ಡಿಜೆಡ್ (ಮೂರು ಆಯಾಮದ ಮಾಡೆಲ್‌ನ) ಫೈಲ್ ಬೇರೆಯಾಗಿ ಕೊಟ್ಟರೆ, ಅದು ಸಾಮಾನ್ಯವಾಗಿ ಈಟಿಯನ್ನು ಎದುರಿನ ನೆಲದ ಮೇಲೆ ಇಡುತ್ತದೆಯೇ ಹೊರತು ಪೀಠಕ್ಕೆ ಅಂಟಿಸುವುದಿಲ್ಲ. ಮಾಡೆಲ್ 5 ಎಂಬಿ ದಾಟದಿರಲಿ. ನಡುಹಗಲಿನಲ್ಲಿ ಪರದೆಯ ಅಕ್ಷರ ಕಾಣುವುದೇ ಕಷ್ಟ, ಆದ್ದರಿಂದ ಮುಖ್ಯ ಮಾತನ್ನು ಧ್ವನಿಯಲ್ಲೇ ಇಡಿ. ಸಮುದಾಯದವರದೇ ಧ್ವನಿ, ಅವರದೇ ಭಾಷೆ ಮೊದಲು, ಇಂಗ್ಲಿಷ್ ಆಮೇಲೆ.

ಕೋಡ್ ಸ್ಕ್ಯಾನ್ ಮಾಡದವರಿಗೆ ಹಳೆಯ ಬರಹವೊಂದೇ ಕಾಣುತ್ತದೆ. ಪೀಠದ ಮಾತನ್ನು ತಿದ್ದಬೇಕೆಂಬ ಬೇಡಿಕೆಗೆ 'ಎಆರ್ ಇದೆಯಲ್ಲ' ಎಂದು ಉತ್ತರಿಸುವುದು ಸರಿಯಲ್ಲ.