ಸೊಂಟ ಎಳೆಯುವ ಮಂಚ ಬಂದ ದಾರಿ

ಮಂಗಳೂರು, ಉಡುಪಿ ಕಡೆ ಸೊಂಟನೋವು ಅಂದರೆ ಸಾಕು, ಆಪರೇಷನ್ ಇಲ್ಲದೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸರಿಮಾಡುವ ಡಿಕಂಪ್ರೆಷನ್ ಮಂಚದ, ಅಂದರೆ ಸೊಂಟ ಎಳೆದು ಡಿಸ್ಕಿನ ಒತ್ತಡ ಇಳಿಸುವ ಮಂಚದ ಮಾತು ಬರುತ್ತದೆ. ಅದರ ಕಂಪ್ಯೂಟರ್ ಹೊಸದು, ಎಳೆತ ಮಾತ್ರ ತೀರಾ ಹಳೆಯದು.

ಹಿಪೊಕ್ರೆಟಿಸ್ ಕಾಲದ ಗ್ರೀಕರೇ ರೋಗಿಯನ್ನು ಹಲಗೆಗೆ ಕಟ್ಟಿ ಎರಡೂ ಕಡೆ ಎಳೆಯುತ್ತಿದ್ದರು. ಉಬ್ಬಿದ ಡಿಸ್ಕ್ ನರವನ್ನು ಒತ್ತಿ ಕಾಲಿಗೆ ನೋವು ಇಳಿಸುತ್ತದೆ ಎಂದು ಬಾಸ್ಟನ್ನಿನ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸಿದ ಮೇಲೆ ಎಳೆತಕ್ಕೆ ಒಂದು ಕಾರಣ ಸಿಕ್ಕಿತು. ಮುಂದೆ ಸ್ವೀಡನ್ನಿನ ವೈದ್ಯ ನಾಕೆಮ್ಸನ್ ಡಿಸ್ಕಿನೊಳಗೇ ಸೂಜಿ ಇಟ್ಟು ಒತ್ತಡ ಅಳೆದರು. ಅವರ ಲೆಕ್ಕದಲ್ಲಿ ನಿಂತಾಗ 100 ಇದ್ದರೆ ಮಲಗಿದಾಗ ಸುಮಾರು 25, ಕೂತು ಮುಂದೆ ಬಾಗಿದಾಗ 185. ಗೆರಸೆ ಮಡಿಲಲ್ಲಿಟ್ಟು ದಿನವಿಡೀ ಬೀಡಿ ಕಟ್ಟುವ ಹೆಂಗಸರ ಸೊಂಟ ಇರುವುದು ಈ ಕೊನೆಯ ಭಂಗಿಯಲ್ಲಿ.

ಹಿಂದೆ ವಾರ್ಡುಗಳಲ್ಲಿ ಮಂಚದ ಕಾಲ್ಬದಿಗೆ ತೂಕ ನೇತುಹಾಕಿ ಟ್ರ್ಯಾಕ್ಷನ್ (ಎಳೆತ) ಕೊಡುತ್ತಿದ್ದರು. ಅದು ಬೆನ್ನುಮೂಳೆಯನ್ನು ಎಳೆದದ್ದು ಕಡಿಮೆ. 60 ಕಿಲೋ ತೂಗುವವರ ಕೆಳಗಿನ ದೇಹ ಹಾಸಿಗೆಗೆ ಉಜ್ಜುವ ಘರ್ಷಣೆಯನ್ನು ಮೀರಲಿಕ್ಕೇ ಸುಮಾರು 15 ಕಿಲೋ ಎಳೆತ ಬೇಕು. ಐದಾರು ಕಿಲೋ ತೂಕ ರೋಗಿಯನ್ನು ಏಳದಂತೆ ಮಲಗಿಸಿಡುತ್ತಿತ್ತು, ಅಷ್ಟೆ. ಅಷ್ಟು ಮಲಗುವುದೂ ಬೇಕಿಲ್ಲ, ಸಾಮಾನ್ಯ ಸೊಂಟನೋವಿಗೆ ಏಳು ದಿನದ ವಿಶ್ರಾಂತಿಗಿಂತ ಎರಡು ದಿನವೇ ಸಾಕು ಎಂದು 1986ರ ಅಧ್ಯಯನವೊಂದು ತೋರಿಸಿತು. ಘರ್ಷಣೆಗೆ ಪರಿಹಾರವಾಗಿ ಬಂದದ್ದು ನಡುವೆ ಸೀಳಿ, ಕಾಲ್ಬದಿಯ ಭಾಗ ಚಕ್ರದ ಮೇಲೆ ಸರಿಯುವ ಮಂಚ.

1994ರಲ್ಲಿ ಅಮೆರಿಕದ ರಾಮೋಸ್ ಮತ್ತು ಮಾರ್ಟಿನ್, ಇಂಥದ್ದೊಂದು ಯಂತ್ರ ಎಳೆಯುವಾಗ ಡಿಸ್ಕಿನ ಒತ್ತಡ ಸೊನ್ನೆಗಿಂತ ಕೆಳಗೆ ಇಳಿಯಿತೆಂದು ವರದಿ ಮಾಡಿದರು. ಅಳೆದದ್ದು ಬೆರಳೆಣಿಕೆಯ ರೋಗಿಗಳಲ್ಲಿ. ‘ಡಿಕಂಪ್ರೆಷನ್’ ಜಾಹೀರಾತುಗಳು ಇಂದಿಗೂ ಆ ಅಂಕಿಯನ್ನೇ ಹಿಡಿದಿವೆ. ಆದರೆ ಒತ್ತಡ ಇಳಿಯುವುದು ಬೇರೆ, ನೋವು ಹೋಗುವುದು ಬೇರೆ. 2013ರಲ್ಲಿ, ಚಿಕಿತ್ಸೆಗಳ ಪುರಾವೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 32 ಪ್ರಯೋಗಗಳ 2,762 ಜನರ ಫಲಿತಾಂಶ ಒಟ್ಟುಗೂಡಿಸಿ ನೋಡಿದಾಗ ಎಳೆತದಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ದೀರ್ಘಕಾಲದ ಸೊಂಟನೋವಿಗೆ ಟ್ರ್ಯಾಕ್ಷನ್ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿತು.

ಹಾಗಾದರೆ ಗುಣವಾಯಿತು ಎನ್ನುವವರು? ಅವರ ಮಾತು ಸುಳ್ಳಲ್ಲ. ಹೊರಚಾಚಿದ ಡಿಸ್ಕಿನ ತುಣುಕನ್ನು ದೇಹವೇ ಕರಗಿಸುವುದು ಸಾಮಾನ್ಯ, ಅದಕ್ಕೆ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಇಪ್ಪತ್ತು ಸಿಟ್ಟಿಂಗಿನ ಪ್ಯಾಕೇಜ್ ಮುಗಿಯುವ ಹೊತ್ತಿಗೆ ಆ ಸಮಯವೂ ಕಳೆದಿರುತ್ತದೆ. ಹಣ ಪೂರ್ತಿ ಮುಂಗಡ ಕಟ್ಟಬಾರದು ಎನ್ನುವುದು ಇದಕ್ಕೇ.

ಮಾಡಿಸಿಕೊಳ್ಳುವುದೇ ಆದರೆ ಗಮನಿಸಬೇಕಾದದ್ದು ಬೆಲ್ಟು. ಒಂದು ಪಕ್ಕೆಲುಬಿನ ಕೆಳಭಾಗಕ್ಕೆ, ಇನ್ನೊಂದು ಸೊಂಟದ ಮೂಳೆಯ ಅಂಚಿಗೆ ಬಿಗಿಯಾಗಿ ಕೂರಬೇಕು. ದಪ್ಪ ಬಟ್ಟೆಯ ಮೇಲೆ ಕಟ್ಟಿದರೆ ಜಾರುತ್ತದೆ, ಎಳೆತವೆಲ್ಲ ಚರ್ಮಕ್ಕೆ ಹೋಗುತ್ತದೆ. ಮಂಚದ ಕಾಲ್ಬದಿಯ ಭಾಗದ ಲಾಕ್ ತೆಗೆಯಲು ಮರೆತರೆ ಮತ್ತೆ ಅದೇ ಘರ್ಷಣೆ. ಸಾಮಾನ್ಯವಾಗಿ ದೇಹತೂಕದ ಕಾಲುಭಾಗದಿಂದ ಆರಂಭಿಸಿ, ಅರ್ಧ ಮೀರದಂತೆ ನಿಧಾನವಾಗಿ ಏರಿಸುತ್ತಾರೆ. ಒಮ್ಮೆಲೇ ಸಡಿಲಿಸಿದರೆ ಸ್ನಾಯು ಹಿಡಿದುಕೊಳ್ಳುತ್ತದೆ. ಎಳೆಯುವಾಗ ಕಾಲಿನ ನೋವು ಪಾದದ ಕಡೆಗೆ ಇಳಿದರೆ ತಕ್ಷಣ ನಿಲ್ಲಿಸಬೇಕು. ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್, ಮೂಳೆಮುರಿತ, ಗಡ್ಡೆ, ಸೋಂಕು ಇದ್ದವರಿಗೆ, ಗರ್ಭಿಣಿಯರಿಗೆ ಇದು ಸಲ್ಲದು.

ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಎತ್ತಲಾಗದೆ ಹೋದರೆ ಯಾವ ಮಂಚವನ್ನೂ ಹತ್ತಬೇಡಿ. ರಾತ್ರಿಯಾಗಿದ್ದರೂ ಬೆಳಗಿನವರೆಗೆ ಕಾಯದೆ, ಎಂಆರ್‌ಐ ಮತ್ತು ಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೆ ಹೋಗಿ.