ಒರೆಸಬೇಡಿ, ಮುಖವೇ ಹೋಗುತ್ತದೆ

ಹಳೆಯ ಡ್ಯಾಗೆರೋಟೈಪ್ (ಬೆಳ್ಳಿ ಲೇಪದ ತಾಮ್ರದ ಫಲಕದ ಮೇಲೆ ತೆಗೆದ ಆರಂಭಕಾಲದ ಫೋಟೋ) ಹಿಡಿದು ಬರುವವರೆಲ್ಲ ಕೇಳುವುದು ಒಂದೇ: "ಅಂಚಿನ ಈ ಕಪ್ಪು ಹೋಗುತ್ತಾ?" ಅದರ ಬೆನ್ನಿಗೇ, "ಮನೆಯಲ್ಲಿ ಸ್ವಲ್ಪ ಒರೆಸಿ ನೋಡಿದೆವು" ಎಂದರೆ ನನ್ನ ಎದೆ ಧಸಕ್ಕೆನ್ನುತ್ತದೆ.

ನಾನು ಕೆಲಸ ಮಾಡುವ ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ 1840ರ ದಶಕದ ವಿದ್ಯಾರ್ಥಿನಿಯರ ಚಿತ್ರಗಳು ಈಗಲೂ ಅಟ್ಟಗಳಿಂದ ಇಳಿದು ಬರುತ್ತವೆ. ಮೇರಿ ಲಯನ್ 1837ರಲ್ಲಿ ಸೌತ್ ಹ್ಯಾಡ್ಲಿಯಲ್ಲಿ ತೆರೆದ ಮೌಂಟ್ ಹೋಲಿಯೋಕ್ ಸೆಮಿನರಿಯಂಥ ಕಡೆ ಓದಿದ ಹುಡುಗಿಯರವು. ಅಲ್ಲಿ ವರ್ಷಕ್ಕೆ 60 ಡಾಲರ್ ಶುಲ್ಕ; ಅದು ಏರದಿರಲೆಂದು ಅಡುಗೆ, ಪಾತ್ರೆ, ಕಸ ಎಲ್ಲವನ್ನೂ ಹುಡುಗಿಯರೇ ಹಂಚಿಕೊಂಡು ಮಾಡುತ್ತಿದ್ದರು. ಅಂಥವಳೊಬ್ಬಳು ಅಲುಗಾಡದೆ ಕುಳಿತು ತೆಗೆಸಿಕೊಂಡ ಚಿತ್ರಕ್ಕೆ ನೆಗೆಟಿವ್ ಇಲ್ಲ. ಇರುವುದು ಆ ಒಂದು ಫಲಕ. 1847ರಲ್ಲಿ ಅಲ್ಲಿಗೆ ಸೇರಿದ ಕವಿ ಎಮಿಲಿ ಡಿಕಿನ್ಸನ್ ಅವರದೆಂದು ಎಲ್ಲರೂ ಒಪ್ಪಿದ ಫೋಟೋ ಕೂಡ ಒಂದೇ; ಅದೂ ಡ್ಯಾಗೆರೋಟೈಪೇ.

ಹಬ್ಬಕ್ಕೆ ಬೆಳ್ಳಿ ದೀಪಕ್ಕೆ ವಿಭೂತಿ ಹಚ್ಚಿ ಉಜ್ಜುವ ಹಾಗೆ ಇದನ್ನು ಉಜ್ಜುವಂತಿಲ್ಲ. ಆ ಕಪ್ಪು ಮೇಲೆ ಕೂತ ಕೊಳೆಯಲ್ಲ, ಗಾಳಿಯ ಗಂಧಕ ತಾಗಿ ಕಪ್ಪಾದ ಬೆಳ್ಳಿಯೇ. ಚಿತ್ರವೆಂದರೆ ಆ ಬೆಳ್ಳಿಯ ಮೇಲೆ ಪಾದರಸದ ಆವಿಯಿಂದ ಮೂಡಿದ ಸೂಕ್ಷ್ಮ ಕಣಗಳು. ಬಟ್ಟೆ ತಾಗಿದರೆ ಕಣಗಳು ಹೋಗುತ್ತವೆ. ಮೆತ್ತನೆಯ ಹತ್ತಿಯಾದರೂ ಅಷ್ಟೇ, ಕನ್ನಡಕದ ಬಟ್ಟೆಯಾದರೂ ಅಷ್ಟೇ. ಚಿತ್ರದ ಕೆನ್ನೆಗೆ ಹಚ್ಚಿದ ಕೆಂಪಂತೂ ಒಣ ಬಣ್ಣದ ಪುಡಿ. ಚಿನ್ನದ ಲೇಪ ಕೊಟ್ಟ ಫಲಕ ತುಸು ಗಟ್ಟಿ, ನಿಜ. ಆದರೆ ಆ ಧೈರ್ಯದ ಮೇಲೆ ಕೈ ಹಾಕಬೇಡಿ.

ಒಬ್ಬ ಅಜ್ಜಿ ತಂದ ಫಲಕದಲ್ಲಿ ಲೇಸಿನ ಕಾಲರು, ಮಡಿಲ ಪುಸ್ತಕ ಎಲ್ಲ ಸ್ಪಷ್ಟ. ಮುಖದ ಜಾಗದಲ್ಲಿ ಹೊಳೆಯುವ ಬೆಳ್ಳಿ. "ಮುಖ ಚೆನ್ನಾಗಿ ಕಾಣಲಿ ಅಂತ" ಒರೆಸಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಏನು ಹೇಳಲಿ? ಅದನ್ನು ಮರಳಿ ತರುವ ವಿದ್ಯೆ ನನ್ನ ಬಳಿ ಇಲ್ಲ.

ಒಂದು ಕಾಲಕ್ಕೆ ವೃತ್ತಿಪರರೇ ಥಯೋಯೂರಿಯಾ ಎಂಬ ರಾಸಾಯನಿಕದ ದ್ರಾವಣದಲ್ಲಿ ತೊಳೆಯುತ್ತಿದ್ದರು. ಹಾಗೆ ತೊಳೆದ ಫಲಕಗಳಲ್ಲಿ ಕ್ರಮೇಣ ಕಲೆಗಳೆದ್ದವು. ಆದ್ದರಿಂದ ಅಂಚಿನ ಕಪ್ಪನ್ನು ಹಾಗೇ ಬಿಡುವುದೇ ಎಷ್ಟೋ ಸಲ ನನ್ನ ಸಲಹೆ. ಫಲಕದ ಮೇಲೆ ಮುಚ್ಚಿದ ಗಾಜಿನ ಒಳಮೈಯಲ್ಲಿ ಇಬ್ಬನಿಯಂಥ ಹನಿಗಳು ಕಂಡರೆ ಮಾತ್ರ ತಡಮಾಡಬೇಡಿ: ಗಾಜೇ ಹಾಳಾಗುತ್ತಿರಬಹುದು. ಅದನ್ನು ಬದಲಿಸಿ ಮತ್ತೆ ಮುಚ್ಚಬಹುದು, ಆದರೆ ಬಲ್ಲವರ ಕೈಯಲ್ಲಿ ಮಾಡಿಸಿ.

ಮುಖ ನಿಚ್ಚಳವಾಗಿ ಕಾಣಬೇಕೆಂದರೆ ಎದುರಿಗೆ ಕಪ್ಪು ಬಟ್ಟೆ ಹಿಡಿದು, ಪಕ್ಕದಿಂದ ಬೆಳಕು ಬಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕಪ್ಪು ಅಳಿಸುವ ಕೆಲಸವನ್ನೆಲ್ಲ ಆ ಪ್ರತಿಯ ಮೇಲೆ ಮಾಡಿಕೊಳ್ಳಿ.